ಫ್ಯಾಕ್ಟ್ ಶೀಟ್ 15: ಟಿಪ್ಸ್ ನಂಬಿ ದುಡಿಯುವವರಿಗೆ ಪುಕ್ಕಟೆ ಕೈಪಿಡಿ, ಲೆಕ್ಕ ಮಾತ್ರ ನೀವೇ ಹಾಕಬೇಕು

ಅಮೆರಿಕದ ರೆಸ್ಟೋರೆಂಟ್ ಸಿಬ್ಬಂದಿಯ ಸಂಬಳ ಲೆಕ್ಕ ಹಾಕಿಕೊಡುವ ಪೇರೋಲ್ ಸೇವೆಗಳು ಬೇಕಾದಷ್ಟಿವೆ. ಅವಕ್ಕೆ ದುಡ್ಡು ಕಟ್ಟುವ ಮಾಲೀಕರೂ, ಅವು ಕೊಟ್ಟ ಪೇಸ್ಲಿಪ್ ನಂಬುವ, ಊಟ ಬಡಿಸುವ ಸರ್ವರ್‌ಗಳೂ ಮೊದಲು ಓದಬೇಕಾದ್ದು ಅಲ್ಲಿನ ಕಾರ್ಮಿಕ ಇಲಾಖೆಯ ಫ್ಯಾಕ್ಟ್ ಶೀಟ್ 15. ಕೆಲವೇ ಪುಟ. ಭಾಷೆ ಒಣಕಲು, ಆದರೆ ಸುತ್ತುಬಳಸಿಲ್ಲ. ನಿಯಮವನ್ನು ಚೆನ್ನಾಗಿ ಹೇಳುತ್ತದೆ. ಅದನ್ನು ಪೇಸ್ಲಿಪ್‌ಗೆ ಹೊಂದಿಸುವ ಕೆಲಸ ಮಾತ್ರ ಓದುವವರದೇ.

ಒಕ್ಕೂಟ ಸರ್ಕಾರದ ಕನಿಷ್ಠ ವೇತನ 2009ರಿಂದ ಗಂಟೆಗೆ 7.25 ಡಾಲರ್. ತಿಂಗಳಿಗೆ 30 ಡಾಲರ್‌ಗಿಂತ ಹೆಚ್ಚು ಟಿಪ್ಸ್ ವಾಡಿಕೆಯಾಗಿ ಸಿಗುವ ಕೆಲಸಗಾರರಿಗೆ ಮಾಲೀಕ ಕೈಯಿಂದ 2.13 ಡಾಲರ್ ಕೊಟ್ಟರೆ ಸಾಕು. ಈ ಮೊತ್ತ 1991ರಿಂದ ಅಲ್ಲೇ ನಿಂತಿದೆ. ಉಳಿದ 5.12 ಡಾಲರ್ ಟಿಪ್ಸ್‌ನಿಂದ ತುಂಬುತ್ತದೆ ಎಂದು ಬಿಡುವುದೇ ಟಿಪ್ ಕ್ರೆಡಿಟ್. ತುಂಬದಿದ್ದರೆ ಕೊರತೆ ಮಾಲೀಕನ ಹೊಣೆ. ವಾರಕ್ಕೆ 40 ಗಂಟೆ ದುಡಿದವರಿಗೆ 290 ಡಾಲರ್ ಮುಟ್ಟಬೇಕು. ನಗದು ಸಂಬಳ 85.20, ಟಿಪ್ಸ್ 150 ಆದರೆ ಇನ್ನೂ 54.80 ಸೇರಿಸಿ ಕೊಡಬೇಕು. ಅಳತೆ ಶಿಫ್ಟ್ ಅಲ್ಲ, ವಾರ. ಹಾಗಾಗಿ ಖಾಲಿ ಹೊಡೆದ ಸೋಮವಾರವನ್ನು ಶನಿವಾರದ ಟಿಪ್ಸ್ ನುಂಗಿಹಾಕುತ್ತದೆ. ಮ್ಯಾಸಚೂಸೆಟ್ಸ್‌ನಲ್ಲಿ ಹಾಗಿಲ್ಲ, 2019ರಿಂದ ಶಿಫ್ಟ್ ಲೆಕ್ಕದಲ್ಲೇ ಕೊರತೆ ತುಂಬಬೇಕು.

ಹಾಳೆಯಲ್ಲಿ ಅತ್ಯಂತ ಬೆಲೆಬಾಳುವ ಭಾಗ ಕೊನೆಗಿರುವ ‘ಸಾಮಾನ್ಯ ತಪ್ಪುಗಳು’. ಅಲ್ಲಿನ ಓವರ್‌ಟೈಮ್ ನಿಯಮವನ್ನು ಎರಡು ಸಲ ಓದಿ, ಏಕೆಂದರೆ ಸಂಬಳ ಸೋರುವುದು ಇಲ್ಲೇ. 40 ಗಂಟೆ ಮೀರಿದ ಪ್ರತಿ ಗಂಟೆಗೆ 2.13ರ ಒಂದೂವರೆ ಪಟ್ಟು, ಅಂದರೆ 3.20 ಡಾಲರ್ ಹಾಕುವ ಜಾಗಗಳಿವೆ. ಅದು ತಪ್ಪು. 7.25ರ ಒಂದೂವರೆ ಪಟ್ಟು 10.88, ಅದರಲ್ಲಿ 5.12 ಕಳೆದರೆ 5.76. ಹತ್ತು ಗಂಟೆ ಹೆಚ್ಚುವರಿ ದುಡಿದ ವಾರದಲ್ಲಿ ಈ ಒಂದು ತಪ್ಪಿಗೆ 25.60 ಡಾಲರ್ ಹೋಯಿತು. ಹಾಳೆ ನಿಯಮ ಹೇಳಿದ ಕಡೆಯೇ ಈ ನಾಲ್ಕು ಸಂಖ್ಯೆ ಹಾಕಿದ್ದರೆ ಎಷ್ಟೋ ಜನಕ್ಕೆ ಅನುಕೂಲವಾಗುತ್ತಿತ್ತು.

ಅದೇ ಭಾಗದಲ್ಲಿ ಕಡಿತಗಳ ವಿಚಾರವೂ ಇದೆ. ಗಿರಾಕಿ ಬಿಲ್ ಕೊಡದೆ ಓಡಿಹೋದ, ಗಲ್ಲಾದಲ್ಲಿ ದುಡ್ಡು ಕಮ್ಮಿ ಬಂತು, ತಟ್ಟೆ ಒಡೆಯಿತು ಎಂದು 2.13 ಪಡೆಯುವವರ ಸಂಬಳ ಹಿಡಿಯುವಂತಿಲ್ಲ. ಹಿಡಿದರೆ ಕನಿಷ್ಠ ವೇತನದ ಕೆಳಗೆ ಇಳಿದಂತೆ. ಕಾರ್ಡ್ ಕಂಪನಿ 3 ಶೇಕಡಾ ಶುಲ್ಕ ಕಿತ್ತರೆ ಟಿಪ್ಸ್‌ನ 97 ಶೇಕಡಾ ಕೊಡಬಹುದು, ಆದರೆ ಕಂಪನಿಯಿಂದ ಹಣ ಬರಲಿ ಎಂದು ಕಾಯಿಸದೆ ಸಂಬಳದ ದಿನಕ್ಕೇ ಕೊಡಬೇಕು. ಇನ್ನು ಬಿಲ್ಲಿನಲ್ಲಿ ಕಡ್ಡಾಯವಾಗಿ ಸೇರಿಸಿದ ಸರ್ವಿಸ್ ಚಾರ್ಜ್ ಟಿಪ್ಸ್ ಅಲ್ಲವೇ ಅಲ್ಲ, ಅದು ಹೋಟೆಲಿನ ಆದಾಯ. ಗಿರಾಕಿಗಳಿಗೆ ಇದು ಗೊತ್ತಿರುವುದಿಲ್ಲ.

ಮಾಲೀಕರು ಎಡವುವುದು ಇನ್ನೊಂದು ಕಡೆ. ನಗದು ಸಂಬಳ ಎಷ್ಟು, ಕ್ರೆಡಿಟ್ ಎಷ್ಟು, ಆ ಕ್ರೆಡಿಟ್ ನಿಜಕ್ಕೂ ಸಿಕ್ಕ ಟಿಪ್ಸ್ ಮೀರಬಾರದು, ನ್ಯಾಯವಾದ ಪೂಲ್‌ಗೆ (ಸಿಬ್ಬಂದಿ ಟಿಪ್ಸ್ ಒಟ್ಟು ಮಾಡಿ ಹಂಚಿಕೊಳ್ಳುವ ಗಂಟಿಗೆ) ಹಾಕಿದ್ದು ಬಿಟ್ಟು ಟಿಪ್ಸ್ ಎಲ್ಲಾ ಕೆಲಸಗಾರನದೇ, ಇಷ್ಟನ್ನೂ ತಿಳಿಸದೆ ಕ್ರೆಡಿಟ್ ಅನ್ವಯಿಸದು: ಇಷ್ಟೂ ಕೆಲಸಗಾರನಿಗೆ ಮುಂಚೆಯೇ ಹೇಳಿರಬೇಕು. ಬಾಯಿಮಾತೂ ನಡೆಯುತ್ತದೆ. ಆದರೆ ತಗಾದೆ ಬಂದಾಗ ಬಾಯಿಮಾತಿಗೆ ಸಾಕ್ಷಿ ಎಲ್ಲಿಂದ ತರುತ್ತೀರಿ? ಬರೆದು ಸಹಿ ಹಾಕಿಸಿ. ಹೇಳಿರದಿದ್ದರೆ ಪೂರ್ತಿ 7.25 ಬಾಕಿ ಬೀಳುತ್ತದೆ. 2018ರ ತಿದ್ದುಪಡಿಯ ನಂತರ ಮ್ಯಾನೇಜರ್‌ಗಳು ಸಿಬ್ಬಂದಿಯ ಟಿಪ್ಸ್‌ನಲ್ಲಿ ಪಾಲು ತೆಗೆದುಕೊಳ್ಳುವಂತಿಲ್ಲ. ಅಡುಗೆಯವರನ್ನೂ ಪಾತ್ರೆ ತೊಳೆಯುವವರನ್ನೂ ಪೂಲ್‌ಗೆ ಸೇರಿಸಬೇಕೆಂದರೆ ಟಿಪ್ ಕ್ರೆಡಿಟ್ ಬಿಟ್ಟು ಎಲ್ಲರಿಗೂ ಪೂರ್ತಿ ಕನಿಷ್ಠ ವೇತನ ಕೊಡಬೇಕು.

ಒಂದು ಎಚ್ಚರ: ಹಳೆಯ ಪ್ರತಿಗಳು ಇನ್ನೂ ಓಡಾಡುತ್ತಿವೆ. ನೇರವಾಗಿ ಟಿಪ್ಸ್ ಸಿಗದ ಪೂರಕ ಕೆಲಸ ವಾರದ 20 ಶೇಕಡಾ ಅಥವಾ ಒಂದೇ ಸಮನೆ 30 ನಿಮಿಷ ಮೀರಬಾರದು ಎಂಬ 2021ರ ನಿಯಮವನ್ನು ಒಕ್ಕೂಟದ ಮೇಲ್ಮನವಿ ನ್ಯಾಯಾಲಯಗಳಲ್ಲಿ ಒಂದಾದ ಫಿಫ್ತ್ ಸರ್ಕ್ಯೂಟ್ 2024ರ ಆಗಸ್ಟ್‌ನಲ್ಲಿ ರದ್ದು ಮಾಡಿತು. ನಿಮ್ಮ ಕೈಲಿರುವ ಹಾಳೆಯಲ್ಲಿ ಅದು ಇದ್ದರೆ ಬಿಸಾಕಿ.

ಹಾಳೆಯ ದೊಡ್ಡ ಮಿತಿ ಎಂದರೆ ಅದು ಒಕ್ಕೂಟದ ಕಾನೂನಿಗೆ ಬರೆದದ್ದು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಆರೆಗಾನ್, ನೆವಾಡಾ, ಮಿನೆಸೋಟ, ಮೊಂಟಾನಾ, ಅಲಾಸ್ಕಾ ರಾಜ್ಯಗಳಲ್ಲಿ ಟಿಪ್ ಕ್ರೆಡಿಟ್ಟೇ ಇಲ್ಲ. ರಾಜ್ಯದ ಪೂರ್ತಿ ಕನಿಷ್ಠ ವೇತನದ ಮೇಲೆ ಟಿಪ್ಸ್. ಶಿಕಾಗೊ ನಗರ 2024ರಿಂದ ಹಂತಹಂತವಾಗಿ ಅದೇ ದಾರಿ ಹಿಡಿದಿದೆ. ಕೆಲಸಗಾರನಿಗೆ ಯಾವುದು ಹೆಚ್ಚು ಲಾಭವೋ ಆ ಕಾನೂನು ಅನ್ವಯ. ಇಲಾಖೆಯದೇ ರಾಜ್ಯವಾರು ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ಈ ಹಾಳೆ ಅರ್ಧ ಕೈಪಿಡಿ ಅಷ್ಟೇ.

ಲೆಕ್ಕ ತಾಳೆಯಾಗದಿದ್ದರೆ ಇಲಾಖೆಯ ಸಹಾಯವಾಣಿ 1-866-487-9243. ಕರೆ ಪುಕ್ಕಟೆ, ದೂರು ಕೊಟ್ಟವರ ಹೆಸರು ಗುಟ್ಟಾಗಿರುತ್ತದೆ, ದುಭಾಷಿಗಳೂ ಸಿಗುತ್ತಾರೆ. ಕರೆ ಮಾಡುವ ಮುಂಚೆ ಶಿಫ್ಟ್‌ನ ಗಂಟೆ, ನಗದು ಟಿಪ್ಸ್, ಕಾರ್ಡ್ ಟಿಪ್ಸ್, ಪೂಲ್‌ಗೆ ಕೊಟ್ಟದ್ದು, ಇವನ್ನು ದಿನದಿನಕ್ಕೆ ಬರೆದಿಟ್ಟ ಚೀಟಿ ಕೈಲಿರಲಿ. ಬಾಕಿ ಕೇಳಲು ಇರುವ ಗಡುವು 2 ವರ್ಷ. ಮಾಲೀಕ ಬೇಕೆಂದೇ ಮಾಡಿದ್ದಾದರೆ 3.