ನಂಬರ್ 4 ತೋಪಡ: ಒಂದು ಮಳೆಗಾಲ ಬಳಸಿದ ಮೇಲೆ

ಏಪ್ರಿಲ್‌ನಲ್ಲಿ ಶಿವಮೊಗ್ಗದ ಗಾಂಧಿ ಬಜಾರ್ ಕಡೆ ಹೋದಾಗ ತಗೊಂಡ, ಮರ ಹೆರೆದು ನುಣುಪು ಮಾಡುವ ಕಬ್ಬಿಣದ ತೋಪಡ ಇದು. ನಂಬರ್ 4. ಉದ್ದ ಒಂಬತ್ತೂವರೆ ಇಂಚಿಗೆ ತುಸು ಜಾಸ್ತಿ, ಅಲಗು ಎರಡು ಇಂಚು. ಕಂಪನಿ ಹೆಸರು ಬೇಡ, ಬಯ್ಯೋದೂ ಇದೆ.

ಡಬ್ಬಿಯಿಂದ ತೆಗೆದು ಸೀದಾ ಮರಕ್ಕೆ ಹಚ್ಚಬಹುದು ಅಂದುಕೊಂಡಿದ್ದರೆ ತಗೋಬೇಡಿ. ನಾನು ಹಾಗೇ ಅಂದುಕೊಂಡು ಒಳ್ಳೇ ಹಲಸಿನ ಹಲಗೆಯೊಂದನ್ನು ಕೆಡಿಸಿದೆ. ನಾಲ್ಕು ಸಲ ತಳ್ಳುವಷ್ಟರಲ್ಲಿ ಬಾಯಿಗೆ (ತಳದಲ್ಲಿ ಅಲಗು ಇಣುಕುವ ಸಂದಿಗೆ) ಸಿಪ್ಪೆ ಕಟ್ಟಿಕೊಂಡಿತು, ಹಲಗೆ ಮೇಲೆ ನಾಯಿ ಕಚ್ಚಿದ ಹಾಗೆ ಗುರುತು. ತೀರ್ಥಹಳ್ಳಿಗೆ ವಾಪಸ್ ಬಂದು ನಮ್ಮ ಬಡಗಿ ಆಚಾರ್ರಿಗೆ ತೋರಿಸಿದೆ. ಅವರು ಅಲಗನ್ನು ಬಿಚ್ಚಿ, ಅದರ ಮೇಲೆ ಕೂರುವ ಪಟ್ಟಿಯ ಜೊತೆಗೇ ಕಿಟಕಿ ಬೆಳಕಿಗೆ ಹಿಡಿದರು. ಎರಡರ ಮಧ್ಯೆ ಕೂದಲೆಳೆಯಷ್ಟು ಬೆಳಕು ಕಾಣುತ್ತಿತ್ತು. "ಸಿಪ್ಪೆ ಇಲ್ಲೇ ನುಗ್ಗೋದು ಮಾರಾಯ್ರೆ" ಅಂದರು.

ಪಟ್ಟಿಯ ತುದಿಯನ್ನು ಸಾಣೆಕಲ್ಲಿನ ಮೇಲೆ ಉಜ್ಜಿ, ಅಲಗಿನ ಅಂಚಿಗಿಂತ ಒಂದು ಮಿಲಿಮೀಟರ್ ಹಿಂದೆ ಕೂರಿಸಿದ ಮೇಲೆ ಕಟ್ಟಿಕೊಳ್ಳೋದು ನಿಂತಿತು. ಅಲಗಿನ ಇಳಿಜಾರು 25 ಡಿಗ್ರಿಗಿತ್ತು, ತುದಿಗೆ ಮಾತ್ರ 30 ಡಿಗ್ರಿ ಸಾಣೆ ಕೊಟ್ಟೆ. ಆಮೇಲೆ ತಳ. ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿದರೆ ಬಾಯಿಯ ಹತ್ತಿರವೇ ತಗ್ಗು, ಮರವನ್ನು ಒತ್ತಿ ಹಿಡಿಯಬೇಕಾದ ಜಾಗವೇ ಮರಕ್ಕೆ ತಾಗುತ್ತಿರಲಿಲ್ಲ. ಹಳೇ ಕಿಟಕಿ ಗಾಜಿನ ಮೇಲೆ 80 ನಂಬರ್ ಸ್ಯಾಂಡ್ ಪೇಪರ್ ಅಂಟಿಸಿ, ತಳಕ್ಕೆ ಮಾರ್ಕರ್‌ನಲ್ಲಿ ಗೀರು ಹಾಕಿ, ಗೀರೆಲ್ಲ ಅಳಿಯುವವರೆಗೆ ಉಜ್ಜಿದೆ. ಒಂದು ಭಾನುವಾರ ಪೂರ್ತಿ ಹೋಯಿತು. ದುಡ್ಡು ಕೊಟ್ಟು ತಂದ ಸಾಮಾನಿಗೆ ನಾವೇ ಕೂಲಿ ಮಾಡಬೇಕಾ ಅಂತ ಸಿಟ್ಟೂ ಬಂತು.

ಆದರೆ ಈಗ? ಸಾಗುವಾನಿಯಲ್ಲಿ ಈರುಳ್ಳಿ ಸಿಪ್ಪೆ ಥರ ಉದ್ದಕ್ಕೆ ಸುರುಳಿ ಬರುತ್ತದೆ. ಹೊನ್ನೆಯಲ್ಲಿ ಎಳೆ ಹಿಂದೆ ಮುಂದೆ ತಿರುಗಿರುತ್ತೆ ಅಲ್ವಾ, ಅಲ್ಲಿ ಇನ್ನೂ ಅಲ್ಲಲ್ಲಿ ಕೀಳುತ್ತದೆ. ಅಲಗು ಮೇಲೆ ಕೆಳಗೆ ಮಾಡುವ ಹಿತ್ತಾಳೆ ತಿರುಪು ಮಾತ್ರ ಸಡಿಲ, ಅರ್ಧ ಸುತ್ತು ಸುಮ್ನೆ ತಿರುಗಿ ಆಮೇಲೆ ಹಿಡಿಯುತ್ತದೆ. ಅದಕ್ಕೆ ಏನೂ ಮಾಡೋಕಾಗಿಲ್ಲ, ಅಭ್ಯಾಸ ಆಗಿದೆ.

ಜುಲೈನಲ್ಲಿ ಅಡುಗೆಮನೆ ಬಾಗಿಲು ಹಿಡಿಯತೊಡಗಿತು. ತೋಪಡ ಇದೆಯಲ್ಲ ಅಂತ ಹೊರಟವನನ್ನು ಆಚಾರ್ರು ತಡೆದರು: ಈಗ ಜಾಸ್ತಿ ತೆಗೆದರೆ ಬೇಸಿಗೆಯಲ್ಲಿ ಸಂದಿನಲ್ಲಿ ಬೆಕ್ಕು ನುಗ್ಗುತ್ತೆ. ಮರ ಉಬ್ಬೋದು ಅಗಲಕ್ಕೆ, ಉದ್ದಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. (ಬೀರು ಬಾಗಿಲಿನ ಚೌಕಟ್ಟಿನೊಳಗಿನ ಹಲಗೆಗೆ ಗೋಂದು ಹಾಕದೆ ಸಂದಿಯಲ್ಲಿ ಸಡಿಲವಾಗಿ ಬಿಡೋದು ಇದಕ್ಕೇ.) ಬಾಗಿಲು ತಿಕ್ಕುತ್ತಿದ್ದ ಕಡೆ ಮಾತ್ರ ತೆಳ್ಳಗೆ ಎರಡು ಸಿಪ್ಪೆ ತೆಗೆದೆ, ಸಾಕಾಯಿತು.

ತುಕ್ಕು ಹಿಡಿಯೋದು ದೊಡ್ಡ ತಲೆನೋವು. ಒಂದು ರಾತ್ರಿ ಒರೆಸದೆ ಇಟ್ಟಿದ್ದೆ, ಬೆಳಗ್ಗೆ ನನ್ನ ಬೆರಳಿನ ಗುರುತೆಲ್ಲ ಕೆಂಪಗೆ ಎದ್ದಿತ್ತು. ಈಗ ಕೊಬ್ಬರಿ ಎಣ್ಣೆ ಅದ್ದಿದ ಬಟ್ಟೆ ಪಕ್ಕದಲ್ಲೇ ಇರುತ್ತದೆ. ಅಜ್ಜನ ಮರದ ತೋಪಡಕ್ಕೆ ತಳ ತುಕ್ಕು ಹಿಡಿಯುವ ಕಾಟ ಇಲ್ಲ, ಆದರೆ ಮಳೆಗಾಲದಲ್ಲಿ ಅದರ ಬೆಣೆ ಉಬ್ಬಿ ಕೂತರೆ ಕೊಡತಿಯಲ್ಲಿ ಹೊಡೆದೇ ಬಿಡಿಸಬೇಕು.

ಸಾಣೆ ಹಿಡಿಯೋಕೆ ಬೇಜಾರಿಲ್ಲ ಅನ್ನುವವರು ತಗೊಳ್ಳಿ. ಅಂಗಡಿಯಲ್ಲೇ ಡಬ್ಬಿ ಬಿಚ್ಚಿಸಿ, ತಳಕ್ಕೆ ಸ್ಕೇಲ್ ಇಟ್ಟು ನೋಡಿ, ಮುಖ ನೋಡಬೇಡಿ ಅವರದ್ದು. ಹಿಂದಿನ ಪ್ಲಾಸ್ಟಿಕ್ ಹಿಡಿ ಬೆವರಿಗೆ ಜಾರುತ್ತಿತ್ತು, ಕಿತ್ತು ಹಾಕಿ ಆ ಕೆಟ್ಟುಹೋದ ಹಲಸಿನ ಹಲಗೆಯಿಂದಲೇ ಒಂದು ಹಿಡಿ ಕೆತ್ತಿಕೊಂಡಿದ್ದೇನೆ.