ನೀಲಿ ತಿಮಿಂಗಿಲ ನೋಡಲು ಮಿರಿಸ್ಸವೋ, ಟ್ರಿಂಕೋಮಲಿಯೋ?

ಶ್ರೀಲಂಕಾದಲ್ಲಿ ತಿಮಿಂಗಿಲ ನೋಡಬೇಕೆಂದು ಯಾರನ್ನೇ ಕೇಳಿ, ಮಿರಿಸ್ಸಕ್ಕೆ ಹೋಗಿ ಎನ್ನುತ್ತಾರೆ. ಗೆಳೆಯರ ಜೊತೆ ಅಲ್ಲಿಯೂ ಟ್ರಿಂಕೋಮಲಿಯಲ್ಲಿಯೂ ದೋಣಿ ಹತ್ತಿದ್ದೇನೆ. ನನ್ನ ಮತ ಟ್ರಿಂಕೋಮಲಿಗೆ.

ಆದರೆ ಮೊದಲು ಕ್ಯಾಲೆಂಡರ್ ನೋಡಿಕೊಳ್ಳಿ. ದಕ್ಷಿಣ ತೀರದ ಮಿರಿಸ್ಸದಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಕಡಲು ಶಾಂತ. ನೈಋತ್ಯ ಮುಂಗಾರು ಅಲ್ಲಿ ಅಲೆ ಎಬ್ಬಿಸುವ ತಿಂಗಳುಗಳಲ್ಲಿ ಪೂರ್ವ ತೀರದ ಟ್ರಿಂಕೋಮಲಿಯ ಕಡಲು ಶಾಂತವಾಗಿರುತ್ತದೆ. ಡಿಸೆಂಬರ್ ರಜೆಯವರಿಗೆ ಮಿರಿಸ್ಸವೇ ಗತಿ, ಬೇಸಿಗೆ ರಜೆಯ ಕೊನೆಯಲ್ಲಿ ಹೊರಟವರಿಗೆ ಟ್ರಿಂಕೋಮಲಿ.

ಮಿರಿಸ್ಸದಲ್ಲಿ ಬೆಳಗಿನ ಜಾವವೇ ಮೀನುಗಾರಿಕೆ ಬಂದರಿಗೆ ಹೋಗಬೇಕು. ಎರಡು ಅಂತಸ್ತಿನ ದೋಣಿ, ಶೌಚಾಲಯ, ಲೈಫ್ ಜಾಕೆಟ್, ಪೊಟ್ಟಣದ ತಿಂಡಿ, ಎಲ್ಲ ಅಚ್ಚುಕಟ್ಟು. ಮೇಲಿನ ಅಂತಸ್ತಿನಲ್ಲಿ ಕುಳಿತರೆ ನೋಟ ಚೆನ್ನ, ಓಲಾಟ ಹೆಚ್ಚು. ನಮ್ಮಲ್ಲಿ ಇಬ್ಬರು ತಿಂಡಿಯ ಪೊಟ್ಟಣ ಬಿಚ್ಚಲೇ ಇಲ್ಲ. ದೊಂಡ್ರ ಭೂಶಿರದ ಆಚೆ ಕಡಲತಳ ಥಟ್ಟನೆ ಆಳಕ್ಕೆ ಇಳಿಯುವುದರಿಂದ ತಿಮಿಂಗಿಲಗಳು ದಡಕ್ಕೆ ಇಷ್ಟು ಸಮೀಪ ಬರುತ್ತವೆ. ಅದೇ ನೀರಿನಲ್ಲಿ ಪೂರ್ವ–ಪಶ್ಚಿಮದ ಹಡಗು ಮಾರ್ಗವೂ ಇದೆ. ಹಡಗು ಬಡಿದು ತಿಮಿಂಗಿಲಗಳು ಸಾಯುತ್ತವೆಂದು ಎಂಎಸ್‌ಸಿ ಎಂಬ ಸರಕು ಹಡಗುಗಳ ಕಂಪನಿ 2022ರಲ್ಲಿ ತನ್ನ ಹಡಗುಗಳನ್ನು ಇನ್ನಷ್ಟು ದಕ್ಷಿಣಕ್ಕೆ ಸರಿಸಿತು. ನನ್ನನ್ನು ಕೆಣಕಿದ್ದು ಮಾತ್ರ ನಮ್ಮಂಥ ಪ್ರವಾಸಿ ದೋಣಿಗಳೇ. ತಿಮಿಂಗಿಲದ ಉಸಿರಿನ ಒಂದು ಕಾರಂಜಿ ಚಿಮ್ಮಿದ್ದೇ ತಡ, ತೇರಿಗೆ ಮುಗಿಬಿದ್ದ ಜನರ ಹಾಗೆ ಎಲ್ಲ ದೋಣಿಗಳೂ ಅತ್ತ ನುಗ್ಗಿದವು. ಬಾಲ ಎತ್ತಿ ಮುಳುಗಿದ ಪ್ರಾಣಿ ಮತ್ತೆ ಮೇಲೆ ಬರಲು ಹತ್ತು ನಿಮಿಷಕ್ಕೂ ಹೆಚ್ಚು ಹಿಡಿಯಬಹುದು. ಅಷ್ಟು ಹೊತ್ತೂ ಡೀಸೆಲ್ ಹೊಗೆ ಕುಡಿಯುವ ಕೆಲಸ ನಮ್ಮದು.

ಟ್ರಿಂಕೋಮಲಿಯಲ್ಲಿ ನೀಲಾವೇಲಿ, ಉಪ್ಪುವೇಲಿ ಕಡೆಯಿಂದ ಫೈಬರ್ ದೋಣಿಗಳು ಹೊರಡುತ್ತವೆ. ನೆರಳಿಲ್ಲ, ಶೌಚಾಲಯದ ಮಾತೇ ಇಲ್ಲ, ಬೆನ್ನುಮೂಳೆಗೆ ಪ್ರತಿ ಅಲೆಯ ಲೆಕ್ಕ ಸಿಗುತ್ತದೆ. ದೋಣಿಯವರು ತಮಿಳರು, ಬೆಂಗಳೂರಿನಲ್ಲಿ ಕಲಿತ ಹರಕು ತಮಿಳು ಇಲ್ಲಿ ಚೌಕಾಸಿಗೆ ಒದಗಿತು. ಬಂಡೆಯ ತುದಿಯ ಕೋಣೇಶ್ವರ ದೇವಸ್ಥಾನ ಇನ್ನೂ ಕಾಣುತ್ತಿರುವಾಗಲೇ ತಿಮಿಂಗಿಲ ಸಿಕ್ಕಿತು, ಏಕೆಂದರೆ ಆಳವಾದ ಕಡಲ ಕಂದರ ಇಲ್ಲಿ ಬಂದರಿನ ಬಾಯಿಗೇ ಬಂದು ನಿಂತಿದೆ. ದೋಣಿಯವನು ದೂರದಲ್ಲೇ ಎಂಜಿನ್ ನಿಲ್ಲಿಸಿದ. ಮೊದಲು ಕೇಳಿದ್ದು ಉಸಿರು, ದೊಡ್ಡ ಟೈರಿನ ಗಾಳಿ ಒಮ್ಮೆಲೇ ಬಿಟ್ಟ ಸದ್ದು. ಆಮೇಲೆ ಬೂದುನೀಲಿ ಬೆನ್ನು ಜಾರತೊಡಗಿತು, ಜಾರುತ್ತಲೇ ಇತ್ತು. ಮುಗಿಯಿತು ಎನ್ನುವಷ್ಟರಲ್ಲಿ ಕೊನೆಗೆ ಅಂಗೈಯಷ್ಟೇ ಎನಿಸುವ ಬೆನ್ನಿನ ರೆಕ್ಕೆ ಕಂಡಿತು. ಅಷ್ಟು ದೊಡ್ಡ ಮೈಗೆ ಇಷ್ಟು ಪುಟ್ಟ ರೆಕ್ಕೆಯೇ ಎಂದು ನಗು ಬಂತು. ಎತ್ತರದ ದೋಣಿಯಿಂದ ಈ ಉದ್ದ ತಿಳಿಯುವುದಿಲ್ಲ, ನೀರಿನ ಮಟ್ಟದಲ್ಲಿ ಕುಳಿತವರಿಗೇ ತಿಳಿಯುವುದು.

ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಮಿರಿಸ್ಸದ ದೊಡ್ಡ ದೋಣಿಯೇ ಸರಿ, ವಾಂತಿ ಮಾತ್ರೆಯನ್ನು ಹೊರಡುವ ಮುನ್ನವೇ ನುಂಗಿರಲಿ. ಎಲ್ಲಿಯೇ ಆಗಲಿ, ಮುಂಗಡ ಕೊಡುವ ಮೊದಲು ಎಷ್ಟು ಹತ್ತಿರ ಹೋಗುತ್ತೀರಿ ಎಂದು ಕೇಳಿ. “ಮುಟ್ಟುವಷ್ಟು” ಎಂದವನನ್ನು ಬಿಟ್ಟು ಪಕ್ಕದವನ ಹತ್ತಿರ ಹೋಗಿ.