ನಿವೃತ್ತಿಯ ನಂತರ ಮಕ್ಕಳ ಕಥೆ: ಸ್ಟೋರಿವೀವರ್ ತಾಣವನ್ನು ಒಂದು ವರ್ಷ ಬಳಸಿದ ಮೇಲೆ

ಖಜಾನೆ ಇಲಾಖೆಯಲ್ಲಿ 33 ವರ್ಷ ಕಡತಗಳಿಗೆ ಟಿಪ್ಪಣಿ ಬರೆದವನು ನಿವೃತ್ತನಾಗಿ ಮಕ್ಕಳ ಕಥೆಗೆ ಕೈ ಹಾಕಿದರೆ ಮೊದಲ ವಾಕ್ಯ ಹೇಗಿರುತ್ತದೆ ಎಂಬುದಕ್ಕೆ ನನ್ನ ನೋಟ್‌ಪುಸ್ತಕವೇ ಸಾಕ್ಷಿ: ‘ಗ್ರಾಮವೊಂದರಲ್ಲಿ ವಾಸವಾಗಿದ್ದ ಪುಟ್ಟಿ ಎಂಬ ಬಾಲಕಿಯು ತನ್ನ ಮೇಕೆಯು ಕಾಣೆಯಾಗಿರುವ ವಿಷಯವನ್ನು ಅಜ್ಜಿಯ ಗಮನಕ್ಕೆ ತಂದಳು.’ ಎರಡನೆಯ ತರಗತಿಯಲ್ಲಿರುವ ನನ್ನ ಮೊಮ್ಮಗಳು ಇದನ್ನು ಅರ್ಧ ಓದಿ, ‘ತಾತ, ಇದು ಕಥೆನಾ, ರಜಾ ಅರ್ಜಿನಾ?’ ಎಂದು ಕೇಳಿದಳು. ಇಂಥ ಕೈಯನ್ನು ತಿದ್ದಲು ಮಕ್ಕಳ ಚಿತ್ರಪುಸ್ತಕಗಳ ಜಾಲತಾಣವಾದ ಸ್ಟೋರಿವೀವರ್ ಎಷ್ಟರಮಟ್ಟಿಗೆ ನೆರವಾಗುತ್ತದೆ, ಎಲ್ಲಿ ನೆರವಾಗುವುದಿಲ್ಲ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಇದಕ್ಕೆ ಮೊದಲು ಶುಲ್ಕ ಕಟ್ಟಿ ಒಂದು ಆನ್‌ಲೈನ್ ಶಿಬಿರಕ್ಕೆ ಸೇರಿದ್ದೆ. ಆರು ಭಾನುವಾರ ಪುಸ್ತಕದ ಮಾರುಕಟ್ಟೆಯ ಬಗ್ಗೆ ಕೇಳಿಸಿಕೊಂಡದ್ದಾಯಿತು. ನಾನು ಕಳುಹಿಸಿದ ಕಥೆ ಮಾತ್ರ ‘ಚೆನ್ನಾಗಿದೆ’ ಎಂಬ ಒಂದೇ ಪದದೊಂದಿಗೆ ಮರಳಿತು. ಆ ಕಥೆ ಚೆನ್ನಾಗಿರಲಿಲ್ಲವೆಂಬುದು ನನಗೇ ಗೊತ್ತಿತ್ತು.

ಸ್ಟೋರಿವೀವರ್ ಎಂಬುದು ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಉಚಿತ ತಾಣ. 2004ರಲ್ಲಿ ಹುಟ್ಟಿದ ಈ ಸಂಸ್ಥೆ ಲಾಭದ ಉದ್ದೇಶವಿಲ್ಲದೆ ಭಾರತೀಯ ಭಾಷೆಗಳಲ್ಲಿ ಮಕ್ಕಳ ಪುಸ್ತಕಗಳನ್ನು ಪ್ರಕಟಿಸುತ್ತದೆ. ತಾಣದಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳ ಚಿತ್ರಕಥೆಗಳನ್ನು ಯಾರು ಬೇಕಾದರೂ ಓದಬಹುದು, ಅನುವಾದಿಸಬಹುದು, ಅಲ್ಲಿರುವ ಚಿತ್ರಗಳನ್ನೇ ಬಳಸಿ ಹೊಸ ಕಥೆಯನ್ನೂ ಕಟ್ಟಬಹುದು. ಬರೆಯಲು ಕುಳಿತವರು ಮೊದಲು ಭಾಷೆಯನ್ನೂ ಓದುವ ಹಂತವನ್ನೂ ಆರಿಸಿಕೊಳ್ಳಬೇಕು. ಹಂತಗಳು ನಾಲ್ಕು: ಮೊದಲನೆಯದಕ್ಕೆ 250 ಪದಗಳೊಳಗೆ, ಎರಡನೆಯದಕ್ಕೆ 600ರವರೆಗೆ, ಮೂರನೆಯದಕ್ಕೆ 1500ರವರೆಗೆ, ಅದಕ್ಕಿಂತ ದೊಡ್ಡದು ನಾಲ್ಕನೆಯದಕ್ಕೆ. ನೋಡಲು ಇದೊಂದು ಸಣ್ಣ ನಿಯಮ, ಆದರೆ ನನ್ನಂಥವನಿಗೆ ಶಿಬಿರದ ಆರು ಭಾನುವಾರಗಳಿಗಿಂತ ಹೆಚ್ಚು ಕಲಿಸಿದ್ದು ಇದೇ. ನನ್ನ ಮೇಕೆಯ ಕಥೆ ಮೊದಲ ಬರವಣಿಗೆಯಲ್ಲಿ 900 ಪದ ದಾಟಿತ್ತು. ಅದನ್ನು 250ಕ್ಕೆ ಇಳಿಸುವಾಗ ಮೊದಲು ಬಿದ್ದುಹೋದದ್ದು ಕೊನೆಯಲ್ಲಿ ಅಜ್ಜಿ ಹೇಳುತ್ತಿದ್ದ ನೀತಿ, ಆಮೇಲೆ ಊರಿನ ವರ್ಣನೆ, ಆಮೇಲೆ ‘ಆದುದರಿಂದ’, ‘ಆದಾಗ್ಯೂ’ಗಳ ಸಾಲು. ಉಳಿದದ್ದು ಹುಡುಗಿ, ಮೇಕೆ ಮತ್ತು ಸಂಜೆ.

ಆದರೆ ಪದಗಳನ್ನು ಎಣಿಸಿ ಹಂತ ನಿಗದಿ ಮಾಡುವ ಪದ್ಧತಿ ಕನ್ನಡಕ್ಕೆ ಪೂರ್ತಿ ಒಗ್ಗುವುದಿಲ್ಲವೆಂಬುದು ನನ್ನ ಅಭಿಪ್ರಾಯ. ‘ಮರೆತುಬಿಟ್ಟಿದ್ದಳಂತೆ’ ಎಂಬುದು ಲೆಕ್ಕಕ್ಕೆ ಒಂದೇ ಪದ, ಆದರೆ ಈಗಷ್ಟೇ ಅಕ್ಷರ ಕೂಡಿಸಿ ಓದುತ್ತಿರುವ ಮಗುವಿಗೆ ಅದು ಇಡೀ ವಾಕ್ಯದಷ್ಟು ಭಾರ. ಇದು ನನಗೆ ತಾನಾಗಿ ಹೊಳೆದದ್ದಲ್ಲ. ನನ್ನ ಹೆಂಡತಿ ಸರ್ಕಾರಿ ಶಾಲೆಯಲ್ಲಿ ಬಹಳ ವರ್ಷ, ಚಟುವಟಿಕೆಗಳ ಮೂಲಕ ಕಲಿಸುವ ನಲಿ–ಕಲಿ ತರಗತಿ ನಡೆಸಿದವಳು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸುವುದಿಲ್ಲ. ರ, ಗ, ಸ, ದ, ಅ ಎಂದು ಆರಂಭಿಸಿ, ಕಲಿತಷ್ಟರಿಂದಲೇ ‘ಸರ’, ‘ಅರಸ’, ‘ಗರಗಸ’ ಎಂದು ಪದ ಕಟ್ಟಿಸುತ್ತಾರೆ. 250 ಪದಗಳಿಗೆ ಇಳಿದ ಕಥೆಯನ್ನು ಹೆಮ್ಮೆಯಿಂದ ಅವಳ ಕೈಗೆ ಕೊಟ್ಟೆ. ಅವಳು ಪೆನ್ಸಿಲ್ ತೆಗೆದುಕೊಂಡು ಒಂದೊಂದು ಒತ್ತಕ್ಷರಕ್ಕೂ ಸುತ್ತು ಹಾಕುತ್ತಾ ಹೋದಳು. ಮೊದಲ ಪುಟವೊಂದರಲ್ಲೇ 17 ಸುತ್ತುಗಳಾದವು. ‘ಇದೇನ್ರೀ, ನಿಮ್ಮ ನಾಯಕಿಯ ಹೆಸರಲ್ಲೇ ಒತ್ತು ಕೂತಿದೆಯಲ್ಲ’ ಎಂದಳು. ಪುಟ್ಟಿ ಅಂದೇ ಸರಸಳಾದಳು. ಕಥೆ ಈಗ ‘ಸರಸ ಕೂಗಿದಳು. ಮೇಕೆ ಬರಲಿಲ್ಲ’ ಎಂದು ಶುರುವಾಗುತ್ತದೆ. ‘ಇಲ್ಲ’ದಲ್ಲಿರುವ ಒತ್ತನ್ನು ಮಾತ್ರ, ಅದಿಲ್ಲದೆ ಮಕ್ಕಳಿಗೆ ದಿನ ಸಾಗುವುದಿಲ್ಲ ಎಂಬ ಕಾರಣಕ್ಕೆ, ಅವಳು ಮನ್ನಿಸಿದಳು. ಮೊದಲ ಎರಡು ಹಂತಗಳಿಗೆ ಬರೆಯುವವರು ತಾಣ ಹೇಳುವ ಪದಮಿತಿಯ ಜೊತೆಗೆ ಒತ್ತಕ್ಷರಗಳನ್ನೂ ತಾವೇ ಎಣಿಸಿಕೊಳ್ಳುವುದು ಒಳ್ಳೆಯದು.

ತಾಣದ ನಿಜವಾದ ಸಂಪತ್ತು ಅಲ್ಲಿನ ಚಿತ್ರಗಳು. ಚಿತ್ರ ಬರೆಯಲು ಬಾರದವರಿಗೆ, ಕಲಾವಿದರಿಗೆ ಸಂಭಾವನೆ ಕೊಡುವ ಶಕ್ತಿಯಿಲ್ಲದವರಿಗೆ, ಒಳ್ಳೆಯ ಕಲಾವಿದರು ಬರೆದ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಅವರ ಹೆಸರನ್ನು ಕಥೆಯ ಜೊತೆಗೆ ತಾಣವೇ ನಮೂದಿಸುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಆ ಚಿತ್ರಗಳಲ್ಲಿ ಬಹುಪಾಲು ಬೇರೆಯವರ ಕಥೆಗಾಗಿ ಬರೆದವು. ಒಂದು ಪುಟಕ್ಕೆ ಒಬ್ಬರ ಚಿತ್ರವನ್ನೂ ಮುಂದಿನ ಪುಟಕ್ಕೆ ಇನ್ನೊಬ್ಬರದನ್ನೂ ಹಾಕಿದರೆ ನಾಯಕಿಯ ಮುಖ ಪುಟಕ್ಕೊಂದರಂತೆ ಬದಲಾಗುತ್ತದೆ. ಆದ್ದರಿಂದ ಒಬ್ಬರೇ ಕಲಾವಿದರು ಒಂದೇ ಕಥೆಗಾಗಿ ಬರೆದ ಚಿತ್ರಗಳ ಗುಚ್ಛವನ್ನು ಮೊದಲು ಆರಿಸಿಕೊಂಡು, ಕಥೆಯನ್ನು ಅದಕ್ಕೆ ಹೊಂದಿಸುವುದೇ ಜಾಣತನ. ಹೀಗೆ ಮಾಡುವಾಗ ನಾನು ‘ಕೆಂಪು ಲಂಗ ತೊಟ್ಟ’ ಎಂದು ಬರೆದುಕೊಂಡಿದ್ದ ಹುಡುಗಿ ಹಳದಿ ಫ್ರಾಕಿನಲ್ಲಿ ಬಂದು ನಿಂತಳು, ಅಜ್ಜಿಯ ಹೆಂಚಿನ ಮನೆಯ ಬಗ್ಗೆ ಬರೆದ ನಾಲ್ಕು ಸಾಲು ಚಿತ್ರದ ಮುಂದೆ ವ್ಯರ್ಥವಾಯಿತು. ಕಣ್ಣಿಗೆ ಕಾಣುವುದನ್ನು ಮಾತು ಮತ್ತೆ ಹೇಳಬೇಕಾಗಿಲ್ಲ ಎಂಬ ಪಾಠವನ್ನು ನನಗೆ ಯಾರೂ ಬಾಯಿಮಾತಿನಲ್ಲಿ ಹೇಳಿಕೊಟ್ಟಿರಲಿಲ್ಲ. ಹೊಸಬರು ಸ್ವಂತ ಕಥೆಗೆ ಮೊದಲು ಒಂದು ಕಥೆಯನ್ನು ಕನ್ನಡಕ್ಕೆ ಅನುವಾದಿಸಿ ನೋಡುವುದು ಉತ್ತಮ. ಪುಟ ಎಲ್ಲಿ ತಿರುಗಬೇಕು, ಯಾವ ಮಾತನ್ನು ಮುಂದಿನ ಪುಟಕ್ಕೆ ಉಳಿಸಿಕೊಳ್ಳಬೇಕು ಎಂಬುದು ಆಗ ಕೈಗೇ ತಿಳಿಯುತ್ತದೆ.

ನನ್ನ ವಯಸ್ಸಿನವರು ತಡವರಿಸುವ ಇನ್ನೊಂದು ಜಾಗ ಟೈಪಿಂಗ್. ಕಚೇರಿಯ ಅಭ್ಯಾಸದಂತೆ ಹಳೆಯ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಕಥೆಯನ್ನು ತಂದು ಅಂಟಿಸಿದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸಿಕೊಂಡವು. ತಪ್ಪು ತಾಣದ್ದಲ್ಲ, ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಯುನಿಕೋಡ್ ಸಂಕೇತದ ಬದಲು ಹಳೆಯ ಅಕ್ಷರಗಳನ್ನು ಬಳಸಿದ ನನ್ನದು. ಯುನಿಕೋಡ್‌ಗೆ ಪರಿವರ್ತಿಸಿಕೊಂಡ ಮೇಲೆ ಎಲ್ಲ ಸರಿಹೋಯಿತು.

ಪ್ರಕಟಿಸುವ ಮುನ್ನ ಎಲ್ಲರೂ ಗಮನಿಸಬೇಕಾದದ್ದು ಪರವಾನಗಿ. ಇಲ್ಲಿ ಹಾಕುವ ಕಥೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಹೊರಬರುತ್ತದೆ, ಎಂದರೆ ನಿಮ್ಮ ಹೆಸರನ್ನು ಉಲ್ಲೇಖಿಸಿ ಯಾರು ಬೇಕಾದರೂ ಅದನ್ನು ಅನುವಾದಿಸಬಹುದು, ಬದಲಾಯಿಸಬಹುದು, ಮುದ್ರಿಸಿ ಮಾರಲೂಬಹುದು. ಕೃತಿಸ್ವಾಮ್ಯ ನಿಮ್ಮಲ್ಲೇ ಉಳಿದರೂ ಗೌರವಧನದ ಮಾತಿಲ್ಲ, ಒಮ್ಮೆ ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಳ್ಳಲೂ ಆಗದು. ಪಿಂಚಣಿ ಬರುತ್ತಿರುವ ನನಗೆ ಇದು ಅಡ್ಡಿಯಾಗಲಿಲ್ಲ. ಮುಂದೆ ಪ್ರಕಾಶಕರಿಗೆ ಕೊಡಬೇಕೆಂದು ಆಸೆಯಿಟ್ಟುಕೊಂಡ ಕಥೆಯನ್ನು ಇಲ್ಲಿ ಹಾಕುವ ಮೊದಲು ಮಾತ್ರ ಎರಡು ಸಲ ಯೋಚಿಸಬೇಕು. ಇನ್ನೊಂದು ಮಾತು: ನಮ್ಮಂಥ ಬಳಕೆದಾರರು ಹಾಕುವ ಕಥೆಯನ್ನು ಪ್ರಕಟಣೆಗೆ ಮೊದಲು ತಿದ್ದಿಕೊಡಲು ಸಂಪಾದಕರು ಇರುವುದಿಲ್ಲ. ನನ್ನ ಮನೆಯಲ್ಲಿ ಪೆನ್ಸಿಲ್ ಇತ್ತು. ಇಲ್ಲದವರು ಪರಿಚಯದ ಶಿಕ್ಷಕರೊಬ್ಬರಿಗಾದರೂ ತೋರಿಸಬೇಕು.

ತಡವಾಗಿ ಬರೆಯಲು ತೊಡಗಿದವರಿಗೆ ಸ್ನೇಹಿತರು ಕೊಡುವ ಉದಾಹರಣೆ ಸಾಮಾನ್ಯವಾಗಿ ಒಂದೇ: 1932ರಲ್ಲಿ, 65ನೆಯ ವಯಸ್ಸಿನಲ್ಲಿ, ಮಕ್ಕಳಿಗಾಗಿ ಮೊದಲ ಪುಸ್ತಕ ಪ್ರಕಟಿಸಿದ ಅಮೆರಿಕದ ಲಾರಾ ಇಂಗಲ್ಸ್ ವೈಲ್ಡರ್. ಅದಕ್ಕೆ ಮೊದಲು ಆಕೆ ಕೃಷಿಪತ್ರಿಕೆಯೊಂದಕ್ಕೆ ವರ್ಷಗಟ್ಟಲೆ ಅಂಕಣ ಬರೆದಿದ್ದರೆಂಬುದನ್ನು ಯಾರೂ ಹೇಳುವುದಿಲ್ಲ. ಅಂಥ ಪಳಗಿದ ಕೈ ಇಲ್ಲದವರಿಗೆ ಸ್ಟೋರಿವೀವರ್ ಒಂದು ಒಳ್ಳೆಯ ಗರಡಿ, ಆದರೆ ಸಣ್ಣ ಮಕ್ಕಳ ಚಿತ್ರಕಥೆಯ ಮಟ್ಟಿಗೆ ಮಾತ್ರ. 11ರಿಂದ 14 ವರ್ಷದವರಿಗಾಗಿ, ಅಧ್ಯಾಯಗಳಿರುವ ಕಾದಂಬರಿ ಬರೆಯಬೇಕೆಂದಿರುವವರಿಗೆ ಪುಟಕ್ಕೊಂದು ಚಿತ್ರದ ಈ ಚೌಕಟ್ಟು ಬಿಗಿಯಾಗುತ್ತದೆ, ನಾಲ್ಕನೆಯ ಹಂತವೂ ಅಷ್ಟು ದೂರ ಕರೆದೊಯ್ಯಲಾರದು. ಕನ್ನಡದಲ್ಲಿ ಕೊರತೆ ಹೆಚ್ಚಾಗಿ ಕಾಣುವುದೂ ಆ ವಯಸ್ಸಿನವರ ಪುಸ್ತಕಗಳಲ್ಲೇ. ಹಳ್ಳಿಯ ಉಪಖಜಾನೆಯಲ್ಲಿ ರಾತ್ರಿ ಸಿಕ್ಕಿಹಾಕಿಕೊಂಡ ಇಬ್ಬರು ಹುಡುಗರ ಕಥೆಯೊಂದು ನನ್ನ ನೋಟ್‌ಪುಸ್ತಕದಲ್ಲಿ ಐದನೆಯ ಅಧ್ಯಾಯಕ್ಕೆ ಬಂದು ನಿಂತಿದೆ. ಅದನ್ನು ಈ ತಾಣಕ್ಕೆ ಹಾಕುವ ಯೋಚನೆ ನನಗಿಲ್ಲ, ಹೆಂಡತಿಗೂ ಇನ್ನೂ ತೋರಿಸಿಲ್ಲ.